ಜೇನು ನಮ್ದು, ತಕ್ಕಡಿ ಯಾರದು? ಸಚಿವರಿಗೆ ಬಿಳಿಗಿರಿರಂಗನ ಬೆಟ್ಟದಿಂದ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಪರಿಶಿಷ್ಟ ವರ್ಗಗಳ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ನಮಸ್ಕಾರ ಸರ್,

ನಾನು ಬಿಳಿಗಿರಿರಂಗನ ಬೆಟ್ಟದ ಒಂದು ಪೋಡಿನವನು, ಸೋಲಿಗ. ಪೋಡು ಅಂದ್ರೆ ನಮ್ ಆದಿವಾಸಿ ಸೋಲಿಗರ ಊರು. ಬಿ.ಎ., ಬಿ.ಎಡ್. ಮುಗಿಸ್ಕೊಂಡು ಈಗ ಬೆಟ್ಟದ ಕೆಳಗಡೆ ಒಂದು ಶಾಲೇಲಿ ಅತಿಥಿ ಶಿಕ್ಷಕನಾಗಿದೀನಿ. ನಮ್ ತಾತ ಆಫೀಸರ್‌ಗಳನ್ನ ಕಂಡ್ರೆ ಹೆಗಲ ಮೇಲಿನ ಟವೆಲ್ ತೆಗ್ದು ಕೈಲಿ ಹಿಡ್ಕೊಂಡು "ಬುದ್ದಿ" ಅಂತಿದ್ರು, ಮಾತು ಅಲ್ಲಿಗೇ ನಿಂತೋಗ್ತಿತ್ತು. ನಾನು ಸರ್ ಅಂತ ಶುರು ಮಾಡಿ ಹೇಳ್ಬೇಕಾದ್ದನ್ನೆಲ್ಲ ಹೇಳಿ ಮುಗಿಸ್ತೀನಿ. ಸ್ವಲ್ಪ ಉದ್ದ ಆಗ್ಬೋದು, ದಯವಿಟ್ಟು ಪೂರ್ತಿ ಓದಿ.

ಮೊನ್ನೆ ಒಂದು ಮಂಗಳವಾರ ನಾನು ಊರಲ್ಲಿದ್ದೆ. ಬೆಳಿಗ್ಗೆ ಏಳು ಗಂಟೆಗೆ ನಮ್ ಚಿಕ್ಕವ್ವನ ಮನೆ ಜಗಲಿ ಮುಂದೆ ಹನ್ನೆರಡು ಜನ ಹೆಂಗಸರು ಚಾಪೆ ಹಾಸ್ಕೊಂಡು ಸಾಲಾಗಿ ಕೂತಿದ್ರು, ಒಬ್ಬೊಬ್ಬರ ಕೈಲೂ ಒಂದೊಂದು ಮೈಕ್ರೋಫೈನಾನ್ಸ್ ಗುಂಪು ಸಾಲದ ಕಾರ್ಡು. ಬೈಕಲ್ಲಿ ಬಂದ ಸಾಲದ ಕಂಪನಿ ಹುಡುಗ, ನಮ್ ಜಿಲ್ಲೆಯೋನೇ, ಹೆಸರು ಕೂಗ್ತಾ ದುಡ್ಡು ಎಣಿಸ್ಕೊಳ್ತಿದ್ದ. ಒಂಬತ್ತನೇ ಹೆಸರು ಕೂಗಿದಾಗ ಒಬ್ಬ ಅಕ್ಕ ಎದ್ದು ನಿಂತ್ಕೊಂಡಳು, ಕೈ ಖಾಲಿ. ವಾರದ ಕಂತು 680 ರೂಪಾಯಿ. ಗಂಡ ಕೊಡಗಿಗೆ ಕೂಲಿಗೆ ಹೋಗಿದಾನೆ, ಇನ್ನೂ ದುಡ್ಡು ಹಾಕಿಲ್ಲ ಅಂದ್ಲು. ಆ ಹುಡುಗ ಬೈಲಿಲ್ಲ, ಕೂಗಾಡ್ಲಿಲ್ಲ, ಇದನ್ನ ನಾನು ಇದ್ದಂಗೇ ಹೇಳ್ಬೇಕು. "ಎಲ್ಲಾರದೂ ಪೂರ್ತಿ ಆಗೋವರ್ಗೂ ಯಾರೂ ಏಳಂಗಿಲ್ಲ" ಅಂದು ಸುಮ್ನೆ ಕೂತ್ಕೊಂಡ. ಎಂಟಾಯ್ತು, ಎಂಟೂವರೆ ಆಯ್ತು. ಎಸ್ಟೇಟಿಗೆ ಕೂಲಿ ಜನರನ್ನ ಕರ್ಕೊಂಡು ಹೋಗೋ ಜೀಪು ರಸ್ತೇಲಿ ನಿಂತು ಹಾರ್ನ್ ಹೊಡೆದು ಹೊಡೆದು ಹೊರಟೋಯ್ತು, ಅವತ್ತಿನ ಕೂಲಿ ಹನ್ನೆರಡೂ ಜನಕ್ಕೆ ತಪ್ತು. ಆಮೇಲೆ ಒಬ್ಬೊಬ್ಬರೇ ಸೆರಗಿನ ಗಂಟು ಬಿಚ್ಚಿ ಐವತ್ತು, ನೂರು ಅಂತ ಹಾಕಿದ್ರು. ಅವ್ವ ನನ್ನ ಮುಖ ನೋಡಿದ್ರು, ಕಮ್ಮಿ ಬಿದ್ದದ್ದನ್ನ ನಾನು ಕೊಟ್ಟೆ.

ಆವತ್ತಿಂದ ಆ ಅಕ್ಕ ನೀರಿಗೆ ಬೇರೆ ಹೊತ್ತಲ್ಲಿ ಬರ್ತಾಳೆ, ಎಲ್ಲಾರೂ ತುಂಬ್ಕೊಂಡು ಹೋದ್ಮೇಲೆ. ಉಳಿದ ಹೆಂಗಸರು ಅವಳನ್ನ ಏನೂ ಅಂದಿಲ್ಲ, ಆದ್ರೆ ಮೊದಲಿನಂಗೆ ಮಾತೂ ಆಡ್ಸಿಲ್ಲ, ಯಾಕಂದ್ರೆ ಒಂದು ದಿನದ ಕೂಲಿ ಹೋಗಿರೋದು ಎಲ್ಲಾರ ಹೊಟ್ಟೆಗೂ ಗೊತ್ತು.

ಅವತ್ತು ರಾತ್ರಿ ನನಗೆ ನಿದ್ದೆ ಬರ್ಲಿಲ್ಲ ಸರ್. ನಮ್ ಹತ್ರ ಅಡ ಇಡೋಕೆ ಏನಿದೆ ಅಂತ ಯೋಚನೆ ಮಾಡ್ತಾ ಬಿದ್ಕೊಂಡಿದ್ದೆ. ಚಿನ್ನ ಇಲ್ಲ. ಅರಣ್ಯ ಹಕ್ಕು ಕಾಯ್ದೆಲಿ ಸಿಕ್ಕಿರೋ ಎರಡು ಎಕರೆ ಮಕ್ಕಳಿಗೆ ಬರುತ್ತೆ, ಆದ್ರೆ ಇನ್ನೊಬ್ಬರಿಗೆ ಮಾರಂಗಿಲ್ಲ, ಪರಭಾರೆ ಮಾಡಂಗಿಲ್ಲ ಅಂತ ಕಾಯ್ದೆಲೇ ಇದೆ, ಅದು ಒಳ್ಳೇದೇ. ಹಂಗಾದ್ರೆ ಏನ್ ನಂಬಿ ಸಾಲ ಕೊಡ್ತಾರೆ? ನಾವು ಒಬ್ಬರಿಗೊಬ್ಬರು ಆಗ್ತೀವಿ ಅನ್ನೋದನ್ನ ನಂಬಿ. ಒಬ್ಬಳು ಸೋತ್ರೆ ಹನ್ನೊಂದು ಜನ ಕೈ ಬಿಡಲ್ಲ ಅಂತ ಅವ್ರಿಗೆ ಚೆನ್ನಾಗಿ ಗೊತ್ತು. ಕಾಡು ಬೆಂಕಿ ಬಿದ್ದಾಗ, ಹೆರಿಗೆ ಹೊತ್ತಲ್ಲಿ, ಸಾವಲ್ಲಿ ನಮ್ಮನ್ನ ಉಳಿಸಿದ್ದು ಯಾವ ನಂಟೋ ಅದನ್ನೇ ಅಡ ಇಟ್ಕೊಂಡಿದಾರೆ. ಮನೆಯೋ ಒಡವೆಯೋ ಅಡ ಹೋದ್ರೆ ಬಿಡಿಸ್ಕೋಬೋದು. ಇದನ್ನ ಹೆಂಗೆ ಬಿಡಿಸ್ಕೊಳ್ಳೋದು?

ಈ ಪತ್ರ ಬರೀತಿರೋದು ಇದಕ್ಕೇ. ಆದ್ರೆ ಬರೀ ಸಾಲದ ಕಂಪನಿಗಳ ಮೇಲೆ ದೂರು ಹೇಳಿ ಮುಗಿಸಿದ್ರೆ ಅರ್ಧ ಸತ್ಯ ಆಗುತ್ತೆ. ಆ ಜಗಲಿವರ್ಗೂ ನಾವು ಹೆಂಗೆ ಬಂದ್ವಿ ಅನ್ನೋದು ನಿಮಗೆ ಗೊತ್ತಾಗ್ಬೇಕು.

ಕೆಲವರು ಅನ್ಕೋತಾರೆ ಸೋಲಿಗರಿಗೆ ಮೊದಲು ದುಡ್ಡು, ವ್ಯಾಪಾರ ಗೊತ್ತೇ ಇರ್ಲಿಲ್ಲ, ಈಗ ಬಂದು ಕೆಡಿಸ್ತು ಅಂತ. ಹಂಗಲ್ಲ ಸರ್. ಜೇನು, ಸೀಗೆಕಾಯಿ, ಅಂಟುವಾಳ ಕೊಟ್ಟು ಉಪ್ಪು, ಬಟ್ಟೆ, ಕತ್ತಿ ತರ್ತಿದ್ರು. ಬ್ರಿಟಿಷರ ಕಾಲದಲ್ಲೇ ಅತ್ತಿಖಾನೆ, ಬೇಡಗುಳಿ ಕಡೆ ಕಾಫಿ ಎಸ್ಟೇಟ್ ಬಂದ್ವು, ನಮ್ಮೋರು ಅಲ್ಲಿ ಕೂಲಿ ಮಾಡಿದಾರೆ. ಆದ್ರೆ ಅವಾಗ ಕೂಲಿ ಸರಿ ಬರ್ಲಿಲ್ಲ ಅಂದ್ರೆ ಬಿಟ್ಟು ಬರೋಕೆ ಹಿಂದೆ ಒಂದು ಕಾಡಿತ್ತು, ರಾಗಿ ಇತ್ತು, ಗೆಡ್ಡೆ ಗೆಣಸು ಇತ್ತು, ಸೊಪ್ಪು ಇತ್ತು. ಬೇಡ ಅನ್ನೋಕೆ ಆಗ್ತಿತ್ತು. ನನ್ನ ಲೆಕ್ಕದಲ್ಲಿ ಎಲ್ಲಾ ಬದಲಾಗಿದ್ದು ಆ "ಬೇಡ" ಅನ್ನೋ ಶಕ್ತಿ ಹೋದ ದಿನ.

ಅದು ಒಂದೇ ದಿನ ಹೋಗ್ಲಿಲ್ಲ. 1974ರಲ್ಲಿ ಬೆಟ್ಟ ಅಭಯಾರಣ್ಯ ಆಯ್ತು. ಜಾಗ ಬದಲಿಸ್ಕೊಂಡು ಮಾಡ್ತಿದ್ದ ಬೇಸಾಯ ನಿಂತೋಯ್ತು, ಕಾಡೊಳಗಿದ್ದ ಪೋಡುಗಳು ರಸ್ತೆ ಪಕ್ಕದ ಕಾಲೋನಿಗಳಿಗೆ ಬಂದ್ವು. ವರ್ಷಕ್ಕೊಂದ್ ಸಲ ಹಾಕ್ತಿದ್ದ ತರಗು ಬೆಂಕಿನೂ ನಿಂತೋಯ್ತು. ಬೆಂಕಿ ನಿಲ್ಲಿಸಿದ್ಮೇಲೇ ಲಂಟಾನ ಕಳೆ ಈ ಪರಿ ತುಂಬ್ಕೊಂಡಿದ್ದು, ನೆಲ್ಲಿ ಮರಕ್ಕೆ ಉಪ್ಪಿಲು, ಅಂದ್ರೆ ಬದನಿಕೆ, ಹತ್ತಿ ಮರ ಒಣಗ್ತಿರೋದು ಅಂತ ನಮ್ ಹಿರಿಯರು ಎಷ್ಟೋ ವರ್ಷದಿಂದ ಹೇಳ್ತಾ ಬಂದಿದಾರೆ. ಅದರ ಮೇಲೆ ಎಷ್ಟೋ ಜನ ಬಂದು ಅಳೆದು ಬರ್ಕೊಂಡು ಹೋದ್ರು, ಆದ್ರೆ ಕಾಡು ನಡೆಸೋ ರೀತಿಲಿ ನಮ್ ಹಿರಿಯರ ಮಾತಿಗೆ ಜಾಗ ಸಿಕ್ಕಿಲ್ಲ.

ಆಮೇಲೆ 80ರ ದಶಕದಲ್ಲಿ ಲ್ಯಾಂಪ್ಸ್ ಸೊಸೈಟಿಗಳು, ಅಂದ್ರೆ ನಮ್ ಕಾಡಿನ ಉತ್ಪನ್ನ ಕೊಳ್ಳೋ ಆದಿವಾಸಿ ಸಹಕಾರ ಸಂಘಗಳು, ಬಂದ್ವು. ಇದರ ಬಗ್ಗೆ ನಾನು ಬರೀ ಕೆಟ್ಟದ್ದು ಹೇಳಲ್ಲ. ಅದಕ್ಕೂ ಮುಂಚೆ ಕೆಳಗಿನ ಸಾಹುಕಾರರು ಒಂದು ಪಂಚೆ ಕೊಟ್ಟು ಒಂದು ಡಬ್ಬ ಜೇನು ಹೊತ್ಕೊಂಡು ಹೋಗ್ತಿದ್ರು ಅಂತ ತಾತನೇ ಹೇಳ್ತಿದ್ರು. ಸೊಸೈಟಿ ಬಂದ್ಮೇಲೆ ಅದು ತಪ್ತು. ಆದ್ರೆ ಸೊಸೈಟಿ ಜೊತೆ ತಕ್ಕಡಿ ಬಂತು ಸರ್, ನಾನು ಈ ತಕ್ಕಡಿ ಬಗ್ಗೆ ಸ್ವಲ್ಪ ಹೇಳ್ಲೇಬೇಕು.

ಹೆಜ್ಜೇನು ಕೀಳೋದು ಒಬ್ಬನ ಕೆಲಸ ಅಲ್ಲ. ರಾತ್ರಿ ಹೊತ್ತು ಕತ್ತಲಲ್ಲಿ ಮರ ಹತ್ತೋನು ಒಬ್ಬ, ಕೆಳಗೆ ಹಗ್ಗ ಹಿಡಿಯೋನು ಒಬ್ಬ, ಹೊಗೆ ಕಟ್ಟೋನು ಒಬ್ಬ. ಮೇಲಿರೋನ ಜೀವ ಕೆಳಗಿರೋನ ಕೈಲಿ ಇರುತ್ತೆ. ಇಳಿದ್ಮೇಲೆ ಮರದ ಬುಡದಲ್ಲೇ ಪಾಲು, ಬಂದೋರಿಗೆ ಮಾತ್ರ ಅಲ್ಲ, ಮನೇಲಿ ಕಾಯಿಲೆ ಬಿದ್ದಿರೋರಿಗೂ, ಬಾಣಂತಿಗೂ. ಗೂಡಿನ ಒಂದು ಪಾಲನ್ನ ಹುಳಕ್ಕೆ ಅಂತ ಬಿಟ್ಟೇ ಬರೋದು, ಅದು ತಾತನ ಕಟ್ಟುನಿಟ್ಟು. ತಕ್ಕಡಿ ಬಂದ್ಮೇಲೆ ಜೇನು ಕೆ.ಜಿ. ಆಯ್ತು. ಕೆ.ಜಿ.ಗೆ ಇಷ್ಟು ಅಂತ ಆದ್ಮೇಲೆ ಹತ್ತಿದೋನಿಗೆ ಎಷ್ಟು, ಹಗ್ಗ ಹಿಡಿದೋನಿಗೆ ಎಷ್ಟು ಅನ್ನೋ ಲೆಕ್ಕ ಬಂತು. ಬಾಣಂತಿ ಪಾಲು ಆ ಲೆಕ್ಕದಲ್ಲಿ ಎಲ್ಲಿ ಬರೀಬೇಕು ಅಂತ ಯಾರಿಗೂ ಗೊತ್ತಾಗ್ಲಿಲ್ಲ, ಬಿಟ್ಟೋಯ್ತು.

ನನ್ನನ್ನ ಹಾಸ್ಟೆಲ್‌ಗೆ ಸೇರಿಸೋ ವರ್ಷ ನಮ್ಮಪ್ಪ ಒಂದು ಗೂಡನ್ನ ಪೂರ್ತಿ ಕೊಯ್ದು ತಂದ್ರು, ಹುಳಕ್ಕೆ ಏನೂ ಬಿಡದೆ. ತಾತ ಎರಡು ದಿನ ಅಪ್ಪನ ಜೊತೆ ಮಾತಾಡ್ಲಿಲ್ಲ. ನನ್ನ ಟ್ರಂಕು, ತಟ್ಟೆ ಲೋಟ, ಎರಡು ಜೊತೆ ಬಟ್ಟೆ ಆ ದುಡ್ಡಲ್ಲೇ ಬಂದದ್ದು. ಅಪ್ಪಂದು ತಪ್ಪು ಅನ್ನೋಕೆ ನನಗೆ ಇವತ್ತಿಗೂ ಬಾಯಿ ಬರಲ್ಲ, ತಾತಂದು ಸರಿ ಅನ್ನೋದನ್ನ ಮರೆಯೋಕೂ ಆಗಿಲ್ಲ. ಈ ಪತ್ರ ಬರೆಯೋ ಅಷ್ಟು ಅಕ್ಷರ ನನಗೆ ಬಂದಿರೋದು ಆ ಗೂಡಿಂದ.

ಅಷ್ಟಾದ್ರೂ ಆ ಜೇನು, ಮರದ ಪಾಚಿ (ಕಲ್ಲುಹೂವು), ನೆಲ್ಲಿಕಾಯಿ ದುಡ್ಡೇ ನಮ್ಮಲ್ಲಿ ಎಷ್ಟೋ ಮನೆಗೆ ವರ್ಷದ ಕಾಸಲ್ಲಿ ಹೆಚ್ಚುಕಮ್ಮಿ ಅರ್ಧ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ಆಗಿ ಅಭಯಾರಣ್ಯದ ಒಳಗಿಂದ ಮಾರಾಟಕ್ಕೆ ಅಂತ ಏನೂ ತೆಗೀಬಾರ್ದು ಅಂತ ಆಯ್ತು, ನಮ್ ಬೆಟ್ಟದಲ್ಲಿ 2006ರ ಹೊತ್ತಿಗೆ ಅದು ಪೂರ್ತಿ ಜಾರಿಗೆ ಬಂತು. ನಮ್ಮನ್ನ ಕೂಲಿಗೆ ಕರೆಯೋಕೆ ಕಂಪನಿ ಬೋರ್ಡ್ ಹಾಕ್ಕೊಂಡು ಯಾರೂ ಪೋಡಿಗೆ ಬರ್ಲಿಲ್ಲ ಸರ್, ಬರೋ ಅವಶ್ಯಕತೆನೂ ಇರ್ಲಿಲ್ಲ. ಕಾಡಿನ ಬಾಗಿಲು ಹಾಕಿದ್ರು, ನಮ್ಮೋರೇ ಬೆಟ್ಟ ಇಳಿದು ಕೂಲಿ ಕೊಡೋರನ್ನ ಹುಡ್ಕೊಂಡು ಹೋದ್ರು. ಆವಾಗ ನಾನು ಹೈಸ್ಕೂಲು. ರಜೆಗೆ ಮನೆಗೆ ಬಂದ್ರೆ ಅಪ್ಪ ಇರ್ಲಿಲ್ಲ. ಮೇಸ್ತ್ರಿ ಕೈಲಿ ಮುಂಗಡ ಇಸ್ಕೊಂಡು ಕೊಡಗಿನ ಎಸ್ಟೇಟಿಗೆ ಹೋಗಿದ್ರು, ಜೀವಮಾನದಲ್ಲಿ ಮೊದಲ್ನೇ ಸಲ. ಮುಂಗಡ ಮುರಿಯೋವರ್ಗೂ ವಾಪಸ್ ಬರಂಗಿಲ್ಲ. ಲೈನ್ ಮನೇಲಿ ಒಂದು ರೂಮು, ಅದರಲ್ಲಿ ಎರಡು ಸಂಸಾರ, ಅಂಗಡಿ ಸಾಮಾನು ಕೂಲಿಲೇ ಹಿಡ್ಕೊಳ್ಳೋದು. ಮೂರು ತಿಂಗಳು ಅಂತ ಹೋದೋರು ಏಳು ತಿಂಗಳಿಗೆ ಬಂದ್ರು.

ಈಗ ನಾನು ಮೇಷ್ಟ್ರು. ಡಿಸೆಂಬರ್ ಬಂದ್ರೆ ನನ್ನ ಹಾಜರಿ ಪುಸ್ತಕದಲ್ಲಿ ಸೋಲಿಗರ ಮಕ್ಕಳ ಹೆಸರಿನ ಮುಂದೆ ಸಾಲು ಸಾಲು ಗೈರುಹಾಜರಿ. ಅಪ್ಪ ಅವ್ವನ ಜೊತೆ ಕಾಫಿ ಕುಯ್ಯೋಕೆ ಹೋಗಿರ್ತಾರೆ. ಮಾರ್ಚಲ್ಲಿ ವಾಪಸ್ ಬಂದಾಗ ಕಾಗುಣಿತ ಮರೆತಿರ್ತವೆ. ಬೈಯೋಕೆ ಮನಸ್ಸು ಬರಲ್ಲ.

2011ರಲ್ಲಿ ಎರಡು ಸಂಗತಿ ಆದ್ವು. ವರ್ಷದ ಶುರುಲಿ ನಮ್ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶ ಆಯ್ತು. ಅದೇ ವರ್ಷ ಅಕ್ಟೋಬರ್ 2ಕ್ಕೆ ನಮ್ಮ 25 ಗ್ರಾಮಸಭೆಗಳಿಗೆ ಸಮುದಾಯ ಅರಣ್ಯ ಹಕ್ಕಿನ ಪತ್ರ ಸಿಕ್ತು. ಹುಲಿ ಕಾಡೊಳಗೆ ಇಂಥ ಹಕ್ಕು ಪಡೆದ ಮೊದಲ ಜನ ನಾವು, ದೇಶದಲ್ಲೇ. ಆ ಪತ್ರ ಸಿಕ್ಕಿದ್ದು ಸುಮ್ನೆ ಅಲ್ಲ, ನಮ್ ಸೋಲಿಗ ಸಂಘದ ಹಿರಿಯರು ಎಷ್ಟೋ ವರ್ಷ ಆಫೀಸಿಂದ ಆಫೀಸಿಗೆ ಅಲೆದು, ಪೋಡು ಪೋಡಿಗೆ ಹೋಗಿ ಹಳೇ ಪೋಡುಗಳ ಜಾಗ, ದೇವರ ಜಾಗ, ಸಮಾಧಿ ಎಲ್ಲಾ ಗುರುತು ಹಾಕಿ ನಕ್ಷೆ ಮಾಡಿಸಿ ತಗೊಂಡಿದ್ದು. ಕಾಯ್ದೆ ಏನ್ ಹೇಳುತ್ತೆ ಅಂದ್ರೆ ಜೇನೂ ಸೇರಿ ಕಿರು ಅರಣ್ಯ ಉತ್ಪನ್ನಗಳ ಮಾಲೀಕತ್ವ ನಮ್ದು, ಸಂಗ್ರಹ ಮಾಡೋದು, ಬಳಸೋದು, ಮಾರೋದು ನಮ್ ಹಕ್ಕು. 2012ರ ತಿದ್ದುಪಡಿ ನಿಯಮದಲ್ಲಿ ಸಾಗಾಣಿಕೆ ಪರ್ಮಿಟ್ ಕೊಡೋ ಅಧಿಕಾರನೂ ಗ್ರಾಮಸಭೆಯ ಸಮಿತಿದೇ.

ಹಕ್ಕು ಪತ್ರ ಬಂತು, ಆದ್ರೆ ತಕ್ಕಡಿ ಎಲ್ಲಿತ್ತೋ ಅಲ್ಲೇ ಉಳೀತು. ಜೇನು ತಂದ್ರೆ ರೇಟು ಎಷ್ಟು ಅಂತ ನಾವು ಕೇಳ್ಬೇಕೇ ಹೊರತು ಹೇಳಂಗಿಲ್ಲ. ದುಡ್ಡು ಬಂದ್ಮೇಲೆ ಕೊಡ್ತೀವಿ ಅಂತ ಚೀಟಿ ಕೊಟ್ಟು ಕಳಿಸಿದ್ದನ್ನ ನಾನೇ ನೋಡಿದೀನಿ, ಚಿಕ್ಕಪ್ಪ ಎರಡು ತಿಂಗಳು ಆ ಚೀಟಿ ಅಂಗಿ ಜೇಬಲ್ಲಿ ಇಟ್ಕೊಂಡು ತಿರುಗಿದ್ರು. ಕಾಯೋಕೆ ಆಗ್ದೇ ಇರೋರು ಕೆಳಗಿನ ವ್ಯಾಪಾರಿಗೆ ಕೊಡ್ತಾರೆ, ಅವನು ಕೈಮೇಲೆ ಕಾಸು ಇಡ್ತಾನೆ, ರೇಟು ಅವನದು. ಕೇಂದ್ರ ಸರ್ಕಾರ 2020ರಲ್ಲೇ ಕಾಡುಜೇನಿಗೆ ಕೆ.ಜಿ.ಗೆ 225 ರೂಪಾಯಿ ಬೆಂಬಲ ಬೆಲೆ ಅಂತ ಮಾಡಿತ್ತು. ನಮ್ ಪೋಡಲ್ಲಿ ಆ ಅಂಕಿ ಬರೆದಿರೋ ಒಂದು ಬೋರ್ಡ್ ನಾನು ನೋಡಿಲ್ಲ, ಅಂಥದ್ದೊಂದು ಬೆಲೆ ಇದೆ ಅಂತ ಕೇಳಿರೋ ಒಬ್ಬ ಜೇನು ಕೀಳೋನೂ ನನಗೆ ಸಿಕ್ಕಿಲ್ಲ. ಮೈಸೂರಲ್ಲಿ ಗಾಜಿನ ಬಾಟ್ಲಿ ಮೇಲೆ ಸೋಲಿಗರ ಚಿತ್ರ ಹಾಕಿರೋ ಜೇನಿನ ರೇಟು ನೋಡಿ ನಾನು ಅಂಗಡಿಯಿಂದ ಸುಮ್ನೆ ಹೊರಗೆ ಬಂದಿದೀನಿ.

ಈಗ ಕಾಫಿ ವಿಚಾರ. ನಮ್ಮೋರು ರಾಗಿ ಬಿಟ್ಟು ಕಾಫಿ ಹಾಕಿದ್ರು ಅಂತ ಕೆಲವರು ಬೇಜಾರು ಮಾಡ್ಕೋತಾರೆ. ರಾಗಿ, ಜೋಳ ಹಾಕಿದ್ರೆ ಆನೆ, ಹಂದಿ ಒಂದು ರಾತ್ರಿಲಿ ಮುಗಿಸಿ ಹೋಗ್ತವೆ, ಪರಿಹಾರಕ್ಕೆ ಅರ್ಜಿ ಹಾಕಿ ಕಾಯ್ಬೇಕು. ಕಾಫಿ ಗಿಡನ ಅವು ಹಂಗೆ ತಿನ್ನಲ್ಲ, ಮರ ಕಡಿಯೋದೂ ಬೇಡ, ನೆರಳಲ್ಲೇ ಬೆಳೆಯುತ್ತೆ, ಮೆಣಸಿನ ಬಳ್ಳಿ ಹಬ್ಬಿಸ್ಬೋದು. ಒಳ್ಳೇ ಬೆಳೆ. ನನ್ನ ಬಿ.ಎಡ್. ಫೀಸು ಕಾಫಿ ದುಡ್ಡು. ದುಡ್ಡು ಬೇಡ, ಮಾರ್ಕೆಟ್ ಬೇಡ, ನೀವು ಹಳೇ ಕಾಲದಂಗೇ ಇರಿ ಅಂತ ಕ್ಯಾಮೆರಾ ತಗೊಂಡು ಬಂದು ಹೇಳೋರ ಮಾತು ನಾನು ಒಪ್ಪಲ್ಲ. ನಮ್ ಮಕ್ಕಳಿಗೂ ಚಪ್ಪಲಿ ಬೇಕು, ಫೋನ್ ಬೇಕು, ಡಾಕ್ಟರ್ ಹತ್ರ ಹೋಗೋಕೆ ಗಾಡಿ ಬೇಕು.

ತೊಂದರೆ ಇರೋದು ಎಲ್ಲಿ ಅಂದ್ರೆ, ಕಾಫಿ ಹಣ್ಣಾಗೋದು ಚಳಿಗಾಲದಲ್ಲಿ, ಮನೇಲಿ ಕಾಸು ಖಾಲಿ ಆಗೋದು ಮಳೆಗಾಲದಲ್ಲಿ. ಜೂನ್‌ನಲ್ಲಿ ಸ್ಕೂಲ್ ಶುರು, ಜ್ವರ ಶುರು, ಕೂಲಿ ಕಮ್ಮಿ. ಆ ಹೊತ್ತಿಗೆ ಸರಿಯಾಗಿ ವ್ಯಾಪಾರಿ ಬರ್ತಾನೆ, ಗಿಡದಲ್ಲಿ ಇನ್ನೂ ಹಸಿರುಕಾಯಿ ಇರುವಾಗಲೇ ಮುಂಗಡ ಕೊಟ್ಟು ಫಸಲು ಮಾತಾಡ್ಕೊಂಡು ಹೋಗ್ತಾನೆ. ಮೊನ್ನೆ ಕಾಫಿ ರೇಟು ಯಾರೂ ಕಾಣದಷ್ಟು ಏರಿತಲ್ಲ, ಪೇಪರ್‌ನಲ್ಲೆಲ್ಲ ಬಂತಲ್ಲ, ಆ ವರ್ಷನೂ ನಮ್ ಚಿಕ್ಕಪ್ಪನಿಗೆ ಸಿಕ್ಕಿದ್ದು ಜೂನ್‌ನಲ್ಲಿ ಬಾಯಿಮಾತಲ್ಲಿ ಆಡಿದ್ದ ರೇಟೇ. ಮಾತು ಕೊಟ್ಟಿದೀನಿ ಅಂದ್ರು. ನಮ್ ದೇವರು ಜಡೆಸ್ವಾಮಿ ಮೇಲೆ ಆಣೆ ಇಟ್ಟು ಕೊಟ್ಟ ಮಾತು ತಪ್ಪಲ್ಲ ನಮ್ ಜನ. ನಮ್ಮ ಆ ಗುಣನೂ ಅವನ ಲಾಭದ ಲೆಕ್ಕದಲ್ಲಿ ಸೇರ್ಕೊಂಡಿದೆ.

ಅದಕ್ಕೂ ಸಾಲ್ದೇ ಇದ್ದಾಗ ವಾರದ ಸಾಲ. ಚಿಕ್ಕವ್ವನ ಹತ್ರ ಮೂರು ಕಂಪನಿ ಕಾರ್ಡಿದಾವೆ. ಒಂದರ ಕಂತು ಕಟ್ಟೋಕೆ ಇನ್ನೊಂದು. ಒಂದು ಮನೆಯ ಎಲ್ಲಾ ಸಾಲದ ತಿಂಗಳ ಕಂತು ಸೇರಿ ಆ ಮನೆ ತಿಂಗಳ ಆದಾಯದ ಅರ್ಧ ದಾಟಬಾರ್ದು ಅಂತ ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ. ಹಂಗಾದ್ರೆ ನಿಮ್ ಆದಾಯ ಎಷ್ಟು ಅಂತ ಯಾರಾದ್ರೂ ಕೇಳಿದ್ರಾ ಚಿಕ್ಕವ್ವ ಅಂದೆ. "ಕೇಳ್ಲಿಲ್ಲ ಮಗ, ಅವ್ರೇ ಬರ್ಕೊಂಡ್ರು" ಅಂದ್ರು.

2025ರ ಜನವರಿಲಿ ನಮ್ ಚಾಮರಾಜನಗರ ಜಿಲ್ಲೆ ಹಳ್ಳಿಗಳಲ್ಲಿ ಜನ ಸಾಲಕ್ಕೆ ಹೆದರಿ ಮನೆಗೆ ಬೀಗ ಹಾಕ್ಕೊಂಡು ಊರು ಬಿಟ್ಟದ್ದು ಇಡೀ ರಾಜ್ಯ ನೋಡ್ತು. ಅದಾದ್ಮೇಲೆ ನಿಮ್ ಸರ್ಕಾರ ಕಾನೂನು ತಂತು, ಬಲವಂತದ ವಸೂಲಿಗೆ ಹತ್ತು ವರ್ಷದವರೆಗೂ ಜೈಲು, 5 ಲಕ್ಷದವರೆಗೂ ದಂಡ. ಅದಕ್ಕೆ ನಾನು ಮನಸಾರೆ ಥ್ಯಾಂಕ್ಸ್ ಹೇಳ್ತೀನಿ, ಬೈಗುಳ, ಬೆದರಿಕೆ ಕಮ್ಮಿ ಆಗಿದ್ದು ನಿಜ. ಆದ್ರೆ ಆ ಮಂಗಳವಾರ ನಮ್ ಜಗಲಿ ಮುಂದೆ ಯಾರೂ ಯಾರನ್ನೂ ಬೆದರಿಸ್ಲಿಲ್ಲ ಸರ್. ಸುಮ್ನೆ ಕೂತಿದ್ದ, ಅಷ್ಟೇ. ಅವನ ಬದಲು ಒತ್ತಾಯ ಮಾಡೋ ಕೆಲಸನ ನಮ್ ಹೆಂಗಸರೇ ಒಬ್ಬರ ಮುಖ ಒಬ್ಬರು ನೋಡ್ಕೊಂಡು ಮಾಡಿದ್ರು. ಅದನ್ನ ನಿಮ್ ಕಾನೂನಿನ ಯಾವ ಸೆಕ್ಷನ್ ಹಿಡಿಯುತ್ತೆ ಹೇಳಿ.

ಇನ್ನೊಂದು ವಿಷಯ ಬರೀಬೇಕಾ ಬೇಡ್ವಾ ಅಂತ ಎರಡು ದಿನ ಯೋಚನೆ ಮಾಡ್ದೆ. ಹೊರಗಿನವರನ್ನ ಮಾತ್ರ ದೂರೋಕೆ ಆಗಲ್ಲ. ಈಗ ಪೋಡೊಳಗೇ ಎರಡು ತರದ ಮನೆ ಆಗಿದಾವೆ. ರಸ್ತೆ ಪಕ್ಕ ಕಾಫಿ ಇರೋರು, ಸರ್ಕಾರಿ ಕೆಲಸ ಇರೋರು ಒಂದು ಕಡೆ, ಒಳಗಡೆ ಜಮೀನಿನ ಹಕ್ಕುಪತ್ರನೂ ಸಿಗದೆ ಇರೋರು ಇನ್ನೊಂದು ಕಡೆ. ಮೇಸ್ತ್ರಿ ಆಗಿ ತಲೆಗಿಷ್ಟು ಅಂತ ಕಮಿಷನ್ ಇಸ್ಕೊಂಡು ಜನ ಕರ್ಕೊಂಡು ಹೋಗೋನು ನಮ್ ಕುಲದವನೇ. ಬಡ್ಡಿಗೆ ಬಿಡೋರೂ ನಮ್ಮಲ್ಲಿ ಇದಾರೆ, ನಮ್ ಭಾಷೇಲೇ ಬಡ್ಡಿ ಕೇಳ್ತಾರೆ. ನಾನೂ ಹೊರತಲ್ಲ. ಮೊದಲು ನಮ್ಮಲ್ಲಿ ಹೊಲದ ಕೆಲಸ ಅಂದ್ರೆ ಮುಯ್ಯಾಳು, ಇವತ್ತು ನಿಮ್ಮದಕ್ಕೆ ನಾವು, ನಾಳೆ ನಮ್ಮದಕ್ಕೆ ನೀವು, ಮಧ್ಯಾಹ್ನ ಮುದ್ದೆ ಸಾರು ಒಟ್ಟಿಗೆ. ಎರಡು ವರ್ಷದ ಹಿಂದೆ ನನಗೆ ಸ್ಕೂಲ್ ಬಿಟ್ಟು ಬರೋಕೆ ಆಗದೆ ನಮ್ ಕಾಫಿ ಕುಯ್ಯೋಕೆ ಸ್ವಂತ ದೊಡ್ಡಪ್ಪನ ಮಗನಿಗೆ ದಿನಗೂಲಿ ಕೊಟ್ಟೆ. ದುಡ್ಡು ಕೈಗೆ ಇಟ್ಟಾಗ ಅವನು ನನ್ನನ್ನ ಅಣ್ಣ ಅನ್ಲಿಲ್ಲ, ಸರ್ ಅಂದ. ಅಭ್ಯಾಸಬಲದಲ್ಲಿ ಬಂದಿರ್ಬೋದು, ನನಗೆ ಮಾತ್ರ ಇನ್ನೂ ಕಿವಿಲಿ ಇದೆ.

ನಮ್ ರೊಟ್ಟಿ ಹಬ್ಬ ನಿಮಗೆ ಗೊತ್ತಿರ್ಬೋದು. ಹೊಸ ರಾಗಿನ ಮನೆ ಮನೆಯಿಂದ ತಂದು ದೇವರ ಮುಂದೆ ರೊಟ್ಟಿ ಸುಟ್ಟು ಎಲ್ಲಾರೂ ಹಂಚ್ಕೊಂಡು ತಿನ್ನೋದು, ರಾತ್ರಿಯೆಲ್ಲ ಗೋರುಕನ ಹಾಡು ಕುಣಿತ. ಹೋದ ಸಲ ನಮ್ ಪೋಡಲ್ಲಿ ರಾಗಿ ಬೆಳೆದ ಮನೆ ನಾಲ್ಕೇ ಇದ್ವು. ಉಳಿದ ರಾಗಿ ನ್ಯಾಯಬೆಲೆ ಅಂಗಡಿದು. ಪೂಜೆ ಮಾಡೋ ತಮ್ಮಡಿ ಆ ಹಿಟ್ಟನ್ನ ಕೈಲಿ ಹಿಡ್ದು ಸ್ವಲ್ಪ ಹೊತ್ತು ಸುಮ್ನೆ ನಿಂತಿದ್ರು, ಆಮೇಲೆ ಕಲಸಿದ್ರು. ಆ ಅಕ್ಕ ಅವತ್ತು ಬಂದಿದ್ಲು, ಆದ್ರೆ ದೂರ ಕೂತಿದ್ಲು.

ಈಗ ನನ್ನ ಬೇಡಿಕೆ ಹೇಳ್ತೀನಿ. ಇದರಲ್ಲಿ ಹೆಚ್ಚಿನದಕ್ಕೆ ಹೊಸ ಕಾನೂನು ಕೇಳ್ತಾ ಇಲ್ಲ, ಇರೋದನ್ನೇ ನಡೆಸಿ ಅಂತ ಕೇಳ್ತಿರೋದು.

ಎಲ್ಲಕ್ಕಿಂತ ಮೊದಲು ಮಳೆಗಾಲದ ಕಾಸು. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಪ್ರತಿ ಮನೆಗೂ ಬಡ್ಡಿ ಇಲ್ಲದ ಒಂದು ಸಣ್ಣ ಮುಂಗಡ ಸಿಗೋ ಹಂಗೆ ಮಾಡಿ, ಗ್ರಾಮಸಭೆ ಕೈಗೇ ಒಂದು ನಿಧಿ ಕೊಡಿ, ಜೇನು ಮತ್ತೆ ಕಾಫಿ ಬಂದಾಗ ನಾವು ಮುರ್ಕೊಡ್ತೀವಿ. ಜಾಸ್ತಿ ದುಡ್ಡಲ್ಲ ಸರ್. ಮೇಸ್ತ್ರಿ, ಕಾಫಿ ವ್ಯಾಪಾರಿ, ವಾರದ ಸಾಲ ಮೂರೂ ಒಳಗೆ ಬರ್ತಿರೋದು ಆ ನಾಲ್ಕು ತಿಂಗಳ ಕಿಂಡಿಲೇ, ಅದನ್ನ ಮುಚ್ಚಿದ್ರೆ ನಮಗೆ ಮತ್ತೆ ಬೇಡ ಅನ್ನೋ ಶಕ್ತಿ ಬರುತ್ತೆ. ಪೌಷ್ಟಿಕ ಆಹಾರದ ಕಿಟ್ ಕೊಡ್ತಿದೀರಿ, ಅದು ಹೊಟ್ಟೆಗೆ ಆಗುತ್ತೆ, ಆದ್ರೆ ಮಗು ಜ್ವರಕ್ಕೆ, ಬಸ್ ಚಾರ್ಜಿಗೆ ಬೇಳೆ ಎಣ್ಣೆ ಆಗಲ್ಲ.

ಜೇನು, ನೆಲ್ಲಿ, ಪಾಚಿ ತೂಗೋ ತಕ್ಕಡಿ ಪೋಡಲ್ಲೇ ಇರ್ಬೇಕು, ಗ್ರಾಮಸಭೆ ಸಮಿತಿ ಮುಂದೆ ತೂಗ್ಬೇಕು. ಬೆಂಬಲ ಬೆಲೆ ಎಷ್ಟು, ಈ ಸಲ ಕೊಡೋ ಬೆಲೆ ಎಷ್ಟು, ಯಾರಿಗೆ ಮಾರಿದ್ವಿ ಅನ್ನೋದನ್ನ ಕನ್ನಡದಲ್ಲಿ ಬೋರ್ಡಲ್ಲಿ ಬರೀಬೇಕು. ತೂಗಿದ ದಿನವೇ ದುಡ್ಡು, ಚೀಟಿ ಅಲ್ಲ. ಗ್ರಾಮಸಭೆ ಕೊಡೋ ಸಾಗಾಣಿಕೆ ಪರ್ಮಿಟ್‌ನ ಚೆಕ್‌ಪೋಸ್ಟಲ್ಲಿ ಒಪ್ಕೋಬೇಕು ಅಂತ ಅರಣ್ಯ ಇಲಾಖೆಗೆ ನಿಮ್ ಕಡೆಯಿಂದ ಲಿಖಿತವಾಗಿ ಹೋಗ್ಬೇಕು, ಬಾಯಿಮಾತಲ್ಲಿ ಹೇಳಿದ್ದು ಸಿಬ್ಬಂದಿ ಬದಲಾದ ತಕ್ಷಣ ಮರೆತೋಗುತ್ತೆ. ಕರ್ನಾಟಕದಲ್ಲಿ ಸಂವಿಧಾನದ ಐದನೇ ಅನುಸೂಚಿಯ ಆದಿವಾಸಿ ಪ್ರದೇಶ ಅಂತ ಇಲ್ಲ, ಹಾಗಾಗಿ ಅಂಥ ಕಡೆ ಗ್ರಾಮಸಭೆಗೆ ಅಧಿಕಾರ ಕೊಡೋ ಪೇಸಾ ಕಾಯ್ದೆಯ ಆಸರೆ ನಮಗಿಲ್ಲ. ನಮ್ ಪೋಡಿನ ಗ್ರಾಮಸಭೆಗೆ ಹಲ್ಲು ಕೊಟ್ಟಿರೋದು ಅರಣ್ಯ ಹಕ್ಕು ಕಾಯ್ದೆ ಒಂದೇ, ಅದನ್ನ ಬರೀ ಫೋಟೋ ಫ್ರೇಮ್ ಮಾಡಿ ಇಡಬೇಡಿ. ಇನ್ನೂ ಹಕ್ಕುಪತ್ರ ಬಾಕಿ ಇರೋ ಪೋಡುಗಳ, ಮನೆಗಳ ಅರ್ಜಿನ ಈ ವರ್ಷದೊಳಗೆ ಮುಗಿಸಿ.

ಸಾಲದ ಬಗ್ಗೆ: ಆದಿವಾಸಿ ಪೋಡು, ಹಾಡಿಗಳಲ್ಲಿ ಗುಂಪಿನ ಹೊಣೆಗಾರಿಕೆ ಮೇಲೆ ಕೂರಿಸಿ ವಸೂಲಿ ಮಾಡೋದನ್ನ ಬಲವಂತ ಅಂತಲೇ ಪರಿಗಣಿಸಿ. ಒಬ್ಬರ ಕಂತಿಗೆ ಉಳಿದೋರನ್ನ ಏಳ್ದಂಗೆ ಕೂರಿಸೋದು, ಕೂಲಿ ಹೊತ್ತಲ್ಲಿ ಮೀಟಿಂಗ್ ಇಡೋದು ನಿಲ್ಲಬೇಕು. ಜಿಲ್ಲಾಧಿಕಾರಿಗಳು ಒಂದು ತಂಡ ಕಳಿಸಿ ಪೋಡು ಪೋಡಲ್ಲಿ ಕಾರ್ಡುಗಳನ್ನ ನೋಡ್ಲಿ, ಆದಾಯದ ಜಾಗದಲ್ಲಿ ಏನ್ ಬರ್ದಿದಾರೆ ಅಂತ ಮನೆಯವರನ್ನೇ ಕೇಳಿ ತಾಳೆ ಹಾಕ್ಲಿ, ರಿಸರ್ವ್ ಬ್ಯಾಂಕ್ ಮಿತಿ ದಾಟಿ ಕೊಟ್ಟಿದ್ರೆ ಅದಕ್ಕೆ ಕೊಟ್ಟೋರು ಉತ್ತರ ಹೇಳ್ಲಿ.

ಕಾಫಿಗೆ ಪೋಡು ಮಟ್ಟದಲ್ಲಿ ಒಣಗಿಸೋ ಕಣ, ಹಣ್ಣಿನ ಸಿಪ್ಪೆ ತೆಗೆಯೋ ಒಂದು ಪಲ್ಪಿಂಗ್ ಮೆಷಿನ್, ಒಂದು ಗೋಡೌನ್ ಸಾಕು. ಹಣ್ಣನ್ನ ಅವತ್ತೇ ಮಾರ್ಲೇಬೇಕು ಅನ್ನೋ ಅವಸರ ಇಲ್ದೇ ಇದ್ರೆ ಅರ್ಧ ಮೋಸ ತಾನಾಗೇ ನಿಲ್ಲುತ್ತೆ. ಕೊಡಗಿಗೆ ಹೋಗೋರ ಹೆಸರನ್ನ ಗ್ರಾಮ ಪಂಚಾಯ್ತಿಲಿ ಬರೆಸೋ ವ್ಯವಸ್ಥೆ ಆಗ್ಲಿ, ಎಸ್ಟೇಟ್ ಇರೋ ಊರಿನ ಶಾಲೇಲಿ ಆ ಮಕ್ಕಳನ್ನ ಕೂರಿಸ್ಕೊಳ್ಳೋ ಆದೇಶ ಆಗ್ಲಿ. ಈ ಕೊನೇದನ್ನ ನಾನು ಮೇಷ್ಟ್ರಾಗಿ ಕೈಮುಗಿದು ಕೇಳ್ತಿದೀನಿ.

ಸರ್, ನೀವು ಬೆಟ್ಟಕ್ಕೆ ಬರ್ತೀರಿ ಅಂದ್ರೆ ನಮಗೆ ಮೊದಲೇ ಗೊತ್ತಾಗುತ್ತೆ, ರಸ್ತೆ ಗುಂಡಿ ಮುಚ್ತಾರೆ, ನಮ್ ಹುಡುಗ್ರು ಹುಡುಗಿಯರಿಗೆ ಸೊಪ್ಪು ಕಟ್ಟಿ ಗೋರುಕನ ಕುಣಿಸ್ತಾರೆ, ನಿಮ್ ಕೈಗೆ ಒಂದು ಬಾಟ್ಲಿ ಜೇನು ಕೊಡ್ತಾರೆ. ಈ ಸಲ ಹಂಗೆ ಬರ್ಬೇಡಿ. ಜುಲೈನಲ್ಲಿ ಬನ್ನಿ, ಮಳೇಲಿ, ಯಾರಿಗೂ ಹೇಳ್ದೆ, ಒಂದು ಮಂಗಳವಾರ. ಬೆಳಿಗ್ಗೆ ಏಳು ಗಂಟೆಗೆ ನಮ್ ಚಿಕ್ಕವ್ವನ ಜಗಲಿ ಮುಂದೆ ಚಾಪೆ ಹಾಸಿರ್ತಾರೆ. ಆ ಹನ್ನೆರಡು ಜನರ ಪಕ್ಕದಲ್ಲಿ ಕೂತ್ಕೊಳ್ಳಿ, ಮೀಟಿಂಗ್ ಮುಗಿಯೋವರ್ಗೂ ಏಳ್ಬೇಡಿ. ಆಮೇಲೆ ನೀರಿನ ಹತ್ರ ಹೋಗಿ ಸ್ವಲ್ಪ ಹೊತ್ತು ಕಾಯಿರಿ, ಆ ಅಕ್ಕ ಕೊನೇಗೆ ಬರ್ತಾಳೆ. ಅವಳನ್ನ ಮಾತಾಡಿಸಿ.

ಇಂತಿ ನಿಮ್ಮ ವಿಶ್ವಾಸಿ,
ಬಿಳಿಗಿರಿರಂಗನ ಬೆಟ್ಟದ ಒಬ್ಬ ಸೋಲಿಗ, ಅತಿಥಿ ಶಿಕ್ಷಕ
ಚಾಮರಾಜನಗರ ಜಿಲ್ಲೆ